ಅಪ್ಪನಿಗೆ ಮಗಳ ಕ್ಲಾಸು ಗೊತ್ತಿರಲಿಲ್ಲ

(ಹಂಪಿ ಬಜಾರಿನಲ್ಲಿ ಸೇರಿದ್ದ ಹೊಸಪೇಟೆ, ಕಮಲಾಪುರ, ಸಂಡೂರು ಮತ್ತು ಕಂಪ್ಲಿ ಕಡೆಯ ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ಇವತ್ತಿನ ಸಭೆಯ ವಿಷಯ 'ಮಕ್ಕಳ ಬದುಕಿನಲ್ಲಿ ಅಪ್ಪಂದಿರ ಪಾಲು' ಎಂದು ಹೇಳಿದ ಕೂಡಲೇ ನಿಮ್ಮಲ್ಲಿ ಹಲವರು ಸೆರಗು ಬಾಯಿಗೆ ಹಿಡಿದು ನಕ್ಕಿರಿ. ಹಿಂದೆ ಕೂತ ಒಬ್ಬಾಕೆ, "ಅಪ್ಪಂದಿರ ಮಾತು ಆಡಾಕ ಅಪ್ಪಂದಿರೆಲ್ಲಿ ಅದಾರ?" ಅಂದಳು. ಅವಳ ಮಾತು ಸರಿಯಾಗಿಯೇ ಇದೆ. ಇನ್ನೊಬ್ಬಾಕೆ ಸ್ವಲ್ಪ ಸಿಟ್ಟಿನಿಂದಲೇ ಕೇಳಿದಳು: "ಅಕ್ಕಾ, ವರದಕ್ಷಿಣೆ, ಹೊಡೆತ ಬಡಿತದ ಬಗ್ಗೆ ಮಾತಾಡೋದು ಬಿಟ್ಟು ಗಂಡಸರಿಗೆ ಮಕ್ಕಳನ್ನ ಆಡಿಸೋದು ಹೇಳಿಕೊಡಾಕ ಹತ್ತೀರೇನು?"

ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕೆಂದೇ ನಾನು ನಿಂತಿದ್ದೇನೆ. ವರದಕ್ಷಿಣೆಯ ಮಾತನ್ನು ನಾನು ಬಿಟ್ಟಿಲ್ಲ. ಅದರ ಬೇರು ಎಲ್ಲಿದೆ ಎಂದು ಹುಡುಕುತ್ತಾ ಹೋದವಳಿಗೆ ಅಪ್ಪನ ಮಡಿಲು ಖಾಲಿಯಾಗಿರುವುದು ಕಂಡಿತು. ಅದು ಹೇಗೆ ಎಂದು ಹೇಳಬೇಕಾದರೆ ನಮ್ಮ ಮನೆಯ ಕಥೆಯನ್ನೇ ಹೇಳಬೇಕು.

ನಾನು ಹುಟ್ಟಿ ಬೆಳೆದದ್ದು ಇದೇ ಬೀದಿಯಲ್ಲಿ. ಈ ತುದಿಗೆ ವಿರೂಪಾಕ್ಷನ ಗೋಪುರ, ಆ ತುದಿಗೆ ಎದುರು ಬಸವಣ್ಣ, ನಡುವೆ ನಮ್ಮ ಸಂಸಾರಗಳು. ಹಳೆಯ ಕಲ್ಲುಮಂಟಪಕ್ಕೆ ಆತು ಕಟ್ಟಿದ ಒಂದು ಕೋಣೆ ನಮ್ಮದು. ಮುಂದೆ ಅಪ್ಪನ ಕಾಯಿ ಕರ್ಪೂರದ ಅಂಗಡಿ, ಹಿಂದೆ ಅವ್ವನ ಒಲೆ. ಅಪ್ಪ ಕುಡುಕನಲ್ಲ. ಅವ್ವನ ಮೇಲೆ ಕೈ ಎತ್ತಿದವನೂ ಅಲ್ಲ. ಬೆಳಿಗ್ಗೆ ಅಂಗಡಿ ತೆಗೆದರೆ ರಾತ್ರಿ ಮುಚ್ಚುವವರೆಗೂ ದುಡಿಯುತ್ತಿದ್ದ. ಊರವರ ಲೆಕ್ಕದಲ್ಲಿ ಒಳ್ಳೆಯ ಅಪ್ಪ. ಆದರೆ ಆ ಅಂಗಡಿಗೂ ಒಲೆಗೂ ನಡುವೆ ಇದ್ದ ಹತ್ತು ಹೆಜ್ಜೆಯನ್ನು ಅವನು ನಮಗಾಗಿ ದಾಟಿದ್ದು ಕಡಿಮೆ.

ನನ್ನ ಅಕ್ಕನ ಮದುವೆ ಆದದ್ದು 1987ರಲ್ಲಿ. ನದಿಯಾಚೆಯ ಒಂದು ಹಳ್ಳಿಗೆ ಕೊಟ್ಟರು. 8 ಸಾವಿರ ರೂಪಾಯಿ, ಎರಡು ತೊಲ ಬಂಗಾರ, ಒಂದು ಸೈಕಲ್ಲು. ಅಪ್ಪ ಅದಕ್ಕಾಗಿ ಮಾಡಿದ ಸಾಲ ತೀರಿಸಲು ನಾಲ್ಕು ವರ್ಷ ಹಿಡಿಯಿತು. ಅಷ್ಟರೊಳಗೆ ಅಕ್ಕ ಎರಡು ಸಲ ತವರಿಗೆ ಓಡಿ ಬಂದಳು. ಬೆನ್ನ ಮೇಲಿನ ಬಾಸುಂಡೆ ಅವ್ವನಿಗೆ ತೋರಿಸಿದಳು, ಅಪ್ಪನಿಗೆ ತೋರಿಸಲಿಲ್ಲ. ಅಪ್ಪನ ಎದುರು ಕೂತು ಮಾತಾಡುವ ರೂಢಿಯೇ ಅವಳಿಗೆ ಇರಲಿಲ್ಲವಲ್ಲ! ಎರಡು ಸಲವೂ ಅಪ್ಪ, "ಹೊಂದ್ಕೊಂಡು ಹೋಗಬೇಕವ್ವ" ಎಂದು ತಾನೇ ನದಿ ದಾಟಿಸಿ ಬಿಟ್ಟು ಬಂದ. ಮೂರನೆಯ ಸಲ ಅವಳು ಬರಲಿಲ್ಲ. 1991ರಲ್ಲಿ ಒಂದು ದಿನ, ಸ್ಟವ್ ಸಿಡಿಯಿತು ಎಂದು ಸುದ್ದಿ ಬಂತು. ಆ ದಿನಗಳಲ್ಲಿ ಸೊಸೆಯಂದಿರ ಕೈಯಲ್ಲಿ ಮಾತ್ರ ಸಿಡಿಯುತ್ತಿದ್ದ ಸ್ಟವ್‌ಗಳ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಪಂಚನಾಮೆಯ ದಿನ ಒಬ್ಬರು ಅಪ್ಪನನ್ನು ಕೂರಿಸಿಕೊಂಡು ಹೇಳಿಕೆ ಬರೆದುಕೊಳ್ಳುತ್ತಿದ್ದರು. ಮದುವೆಗೆ ಏನೇನು ಕೊಟ್ಟಿರಿ ಎಂದು ಕೇಳಿದರು. ಅಪ್ಪ ಒಂದು ರೂಪಾಯಿ ತಪ್ಪದಂತೆ ಹೇಳಿದ. ಸೈಕಲ್ಲಿನ ಕಂಪನಿ ಹೇಳಿದ, ಬಂಗಾರ ತಂದ ಅಂಗಡಿ ಹೇಳಿದ. ಆಮೇಲೆ ಅವರು, "ಮಗಳು ಎಷ್ಟನೇ ಕ್ಲಾಸಿನ ತನಕ ಓದಿದ್ದಳು?" ಎಂದು ಕೇಳಿದರು. ಅಪ್ಪ ಬಾಗಿಲ ಕಡೆ ತಿರುಗಿ ಅವ್ವನ ಮುಖ ನೋಡಿದ. ಅವನಿಗೆ ಗೊತ್ತಿರಲಿಲ್ಲ.

ಆಗ ಅವನು ನೋಡಿದ ನೋಟ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಮಗಳಿಗೆ ಕೊಟ್ಟ ವಸ್ತುವಿನ ಲೆಕ್ಕವೆಲ್ಲ ಗೊತ್ತಿದ್ದ ಅಪ್ಪನಿಗೆ ಮಗಳೇ ಗೊತ್ತಿರಲಿಲ್ಲ.

ಗೆಳತಿಯರೇ, ಅವನು ಕೆಟ್ಟವನಾಗಿದ್ದ ಎಂದು ನಾನು ಹೇಳುತ್ತಿಲ್ಲ. ಅಪ್ಪ ಎಂದರೆ ಇಷ್ಟೇ ಎಂದು ಅವನಿಗೆ ಕಲಿಸಲಾಗಿತ್ತು. ಹೆಣ್ಣು ಹುಟ್ಟಿದ ದಿನವೇ ಊರು ಅವನಿಗೆ ಹೇಳುತ್ತದೆ, 'ಖರ್ಚು ಬಂತಪ್ಪಾ' ಎಂದು. ಅಂದಿನಿಂದ ಅವನು ಆ ಖರ್ಚಿಗೆ ದುಡಿಯುತ್ತಾನೆ. ಎತ್ತಿಕೊಳ್ಳುವುದು, ತೊಟ್ಟಿಲು ತೂಗುವುದು, ಜ್ವರ ಬಂದರೆ ರಾತ್ರಿ ಎದ್ದಿರುವುದು, ಶಾಲೆಗೆ ಬಿಡುವುದು ಎಲ್ಲವೂ ತಾಯಿಯ ಪಾಲು. ಅಪ್ಪನ ಪಾಲಿಗೆ ಉಳಿಯುವುದು ಒಂದೇ ದೊಡ್ಡ ಕೆಲಸ, ಮದುವೆ. ಹದಿನೆಂಟು ವರ್ಷ ದೂರ ನಿಂತ ಪ್ರೀತಿಯನ್ನೆಲ್ಲ ಅವನು ಒಂದೇ ದಿನ ರೊಕ್ಕದಲ್ಲಿ ತೋರಿಸಲು ಹೋಗುತ್ತಾನೆ. ವರದಕ್ಷಿಣೆ ಕೇಳುವವರ ದುರಾಸೆ ಒಂದು ಕಡೆಗಿದ್ದರೆ, ಕೊಡುವ ಅಪ್ಪನ ಈ ಬಡತನ ಇನ್ನೊಂದು ಕಡೆಗಿದೆ. ಎರಡೂ ಕೂಡಿದಾಗಲೇ ವ್ಯಾಪಾರ ಕುದುರುವುದು.

ನಿಮ್ಮ ಸಂಘದ ಸಾಲದ ಪುಸ್ತಕ ತೆರೆದು ನೋಡಿ. ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ ಎಂದು ಬರೆಸಿದ ಸಾಲದಲ್ಲಿ ಎಷ್ಟು ಸಾಲ ನಿಜವಾಗಿ ಮಗಳ ಮದುವೆಗೆ ಹೋಗಿದೆ ಎಂಬುದು ನಿಮಗೇ ಗೊತ್ತು. ನಾವು ವಾರವಾರ ಕೂಡಿಟ್ಟ ಹಣ ಬೀಗರ ಮನೆಯ ಮೋಟಾರ್ ಸೈಕಲ್ಲು ಆಗಿದೆ. ವರದಕ್ಷಿಣೆ ತೆಗೆದುಕೊಳ್ಳುವಂತೆ ಕೊಡುವುದೂ ಅಪರಾಧ ಎಂದು ಕಾನೂನು ಬಂದದ್ದು 1961ರಲ್ಲಿ. ಅದೇ ಅಪ್ಪ ಮಗಳ ಕಾಲಿಗೆ ಗಟ್ಟಿ ನೆಲ ಕೊಡಬಹುದಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಹಾಗೆ ಮಗಳಿಗೂ ಸಮಪಾಲು ಎಂದು ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದಿತು. 2005ರಲ್ಲಿ ಇಡೀ ದೇಶಕ್ಕೆ ಅದು ಬಂತು. ಮಗಳ ಹೆಸರಿಗೆ ಅರ್ಧ ಎಕರೆ ಬರೆಯದ ಕೈ ಅಳಿಯನಿಗೆ ಸಾಲ ಮಾಡಿ ಕೊಡುತ್ತದೆ. ಮಗಳನ್ನು ಒಬ್ಬ ಮನುಷ್ಯಳಾಗಿ ಬಲ್ಲ ಅಪ್ಪ ಹೀಗೆ ಮಾಡಲು ಎರಡು ಸಲ ಯೋಚಿಸುತ್ತಾನೆ ಎಂಬುದು ನನ್ನ ನಂಬಿಕೆ.

ಇನ್ನು ಹೊಡೆತದ ಮಾತು. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದರು. ಇದರ ಅರ್ಥವೇನು? ಅಷ್ಟು ಮನೆಗಳಲ್ಲಿ ಮಕ್ಕಳು ಅಪ್ಪನನ್ನು ಮೊದಲು ಬಲ್ಲದ್ದು ಭಯದಿಂದ. ಗಂಡು ಮಗು ಅದನ್ನು ನೋಡಿ ಗಂಡಸುತನ ಎಂದು ಕಲಿಯುತ್ತದೆ. ಹೆಣ್ಣು ಮಗು ಅದನ್ನು ನೋಡಿ ಸಂಸಾರ ಎಂದರೆ ಹೀಗೇ ಎಂದು ಕಲಿಯುತ್ತದೆ. ನಾವು ಎಷ್ಟು ಭಾಷಣ ಮಾಡಿದರೂ, ಎಷ್ಟು ಮೆರವಣಿಗೆ ತೆಗೆದರೂ, ಮನೆಯ ಆ ಪಾಠ ಬದಲಾಗದಿದ್ದರೆ ಮುಂದಿನ ತಲೆಮಾರಿನ ಅಳಿಯಂದಿರು ಹಿಂದಿನವರ ಹಾಗೆಯೇ ಇರುತ್ತಾರೆ.

ಕೆಲಸದ ಲೆಕ್ಕವನ್ನೂ ನೋಡೋಣ. 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾಳೆ. ಮಾಡುವ ಗಂಡಸು ಕೊಡುವುದು 97 ನಿಮಿಷ. ಅದೂ ಮಾಡುವ ಗಂಡಸರ ಮಾತು. ನೂರಕ್ಕೆ 26 ಮಂದಿ ಮಾತ್ರ ಮಾಡುತ್ತಾರೆ. ಮಕ್ಕಳ, ಮುದುಕರ, ರೋಗಿಗಳ ಆರೈಕೆಗೆ ಬಂದರೆ ನೂರು ಗಂಡಸರಲ್ಲಿ 14 ಜನ ಕೈ ಹಾಕುತ್ತಾರೆ. ಉಳಿದ 86 ಜನರಿಗೆ ಪ್ರೀತಿ ಇಲ್ಲ ಎಂದಲ್ಲ. ಆ ಪ್ರೀತಿ ಕೈಕಾಲಿಗೆ ಇಳಿದಿಲ್ಲ.

"ಪುರುಸೊತ್ತು ಎಲ್ಲಿದೆ ಅವರಿಗೆ?" ಎಂದು ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ನಿಜ. ತೋರಣಗಲ್ಲಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಮಗು ಶಾಲೆಗೆ ಹೋಗುವ ಹೊತ್ತಿಗೆ ಕಣ್ಣು ಮುಚ್ಚಿರುತ್ತದೆ. ಕಬ್ಬು ಕಡಿಯಲು ದೂರ ಹೋದವನು ತಿಂಗಳುಗಟ್ಟಲೆ ಊರಿಗೇ ಬರುವುದಿಲ್ಲ. ಆದರೆ ಪುರುಸೊತ್ತು ಒಂದೇ ಸಾಲದು ಎಂಬುದನ್ನು ನಮ್ಮ ಸೀಮೆಯೇ ನಮಗೆ ತೋರಿಸಿಕೊಟ್ಟಿದೆ. ಸಂಡೂರಿನಲ್ಲಿ ಗಣಿ ಭರಾಟೆ ಇದ್ದಾಗ ಲಾರಿ ಓಡಿಸುವ ಅಪ್ಪಂದಿರು ರಾತ್ರಿ ಹಗಲು ರಸ್ತೆಯ ಮೇಲೆಯೇ ಇದ್ದರು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಸಾಲಾಗಿ ನಿಂತವು, ಗಂಡಸರು ಮನೆಯಲ್ಲಿ ಕೂತರು. ಆಗ ನಾನು ಆ ಕಡೆಯ ಹಳ್ಳಿಗಳ ಸಂಘಗಳಿಗೆ ಹೋಗುತ್ತಿದ್ದೆ. ಕೆಲವು ಮನೆಗಳಲ್ಲಿ ಅಪ್ಪ ಮಗುವಿನ ಕೈ ಹಿಡಿದು ಅಂಗನವಾಡಿಗೆ ಬಂದ. ಇನ್ನೂ ಹೆಚ್ಚು ಮನೆಗಳಲ್ಲಿ, ದುಡಿಮೆ ಹೋದ ಸಿಟ್ಟು ಹೆಂಡತಿಯ ಬೆನ್ನ ಮೇಲೆ ಇಳಿಯಿತು. ದುಡಿಯುವುದೊಂದೇ ತನ್ನ ಬೆಲೆ ಎಂದುಕೊಂಡವನಿಗೆ ದುಡಿಮೆ ಹೋದರೆ ಅಪ್ಪತನವೂ ಹೋಯಿತು ಎನ್ನಿಸುತ್ತದೆ. ಮನೆಯಲ್ಲಿ ಕೂತ ಮಾತ್ರಕ್ಕೆ ಗಂಡಸು ಅಪ್ಪನಾಗುವುದಿಲ್ಲ. ಅದೂ ಕಲಿಯಬೇಕಾದ ಕೆಲಸ.

ಕಂಪ್ಲಿಯ ಅಕ್ಕಂದಿರು ಇದ್ದೀರಿ. ನಿಮ್ಮ ಕಂಪಿಲರಾಯನ ಕಥೆ ನಿಮಗೆ ಗೊತ್ತು. ಕಿರಿಯ ರಾಣಿ ಹೇಳಿದ ದೂರು ನಂಬಿ ಮಗ ಕುಮಾರರಾಮನ ತಲೆ ಕಡಿಯಲು ಹೇಳಿದ. ಮಂತ್ರಿ ಬೈಚಪ್ಪ ಬಚ್ಚಿಟ್ಟದ್ದರಿಂದ ಹುಡುಗ ಉಳಿದ. ಕಥೆಯಲ್ಲಿ ತಪ್ಪನ್ನೆಲ್ಲ ಹೆಣ್ಣಿನ ತಲೆಗೆ ಕಟ್ಟಿದ್ದಾರೆ, ಅದರ ಬಗ್ಗೆ ಇನ್ನೊಂದು ದಿನ ಜಗಳ ಆಡೋಣ. ನಾನು ಕೇಳುವುದು ಇಷ್ಟೇ: ಅಷ್ಟು ದೊಡ್ಡ ರಾಜ, ಮಗನನ್ನು ಹತ್ತಿರ ಕರೆದು 'ಏನಾಯಿತಪ್ಪಾ?' ಎಂದು ಒಂದು ಮಾತು ಕೇಳಲಿಲ್ಲವಲ್ಲ! ಮಗನ ಶೌರ್ಯ ಗೊತ್ತಿತ್ತು, ಮಗ ಗೊತ್ತಿರಲಿಲ್ಲ. ನಮ್ಮ ಅಪ್ಪನದೂ ಅದೇ ಕಥೆ.

ಈಗ ನಾವೇನು ಮಾಡಬಹುದು ಎಂಬ ಮಾತಿಗೆ ಬರುತ್ತೇನೆ. ಮೊದಲಿಗೆ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಗಂಡಸು ಮಗು ಎತ್ತಿಕೊಂಡು ಬೀದಿಗೆ ಬಂದರೆ ನಗುವವರು ಯಾರು? ಬರೀ ಗಂಡಸರಲ್ಲ. ಅತ್ತೆ, ನಾದಿನಿ, ಪಕ್ಕದ ಮನೆಯವರು, ನಾವೂ ನಗುತ್ತೇವೆ. ಅವನು ಮಗುವಿಗೆ ನೀರು ಹಾಕಿದರೆ, "ಬಿಡ್ರಿ, ನಿಮಗ ಬರಂಗಿಲ್ಲ" ಎಂದು ಕಿತ್ತುಕೊಳ್ಳುತ್ತೇವೆ. ಮೊದಲನೆಯ ಕೂಸಿಗೆ ನೀರು ಹಾಕುವಾಗ ನಮಗೆ ಬರುತ್ತಿತ್ತೇನು? ತಪ್ಪುತ್ತಾ ಕಲಿತೆವು. ಅವನೂ ತಪ್ಪಲಿ. ಜಡೆ ಸೊಟ್ಟಗಾಗಲಿ, ಅಂಗಿಯ ಗುಂಡಿ ಮೇಲೆ ಕೆಳಗಾಗಲಿ. ಮಗುವಿಗೆ ಅಪಾಯವಿಲ್ಲದ ತಪ್ಪಿಗೆ ನಾವು ಸುಮ್ಮನಿರುವುದನ್ನು ಕಲಿಯೋಣ.

ಎರಡನೆಯದು, "ತಡಿ, ಅಪ್ಪ ಬರ್ಲಿ" ಎಂಬ ಮಾತು. ಮಗು ಹಟ ಮಾಡಿದರೆ ಅಪ್ಪನನ್ನು ಗುಮ್ಮನನ್ನಾಗಿ ಮಾಡುತ್ತೇವೆ. ಆ ಮಗು ನಾಳೆ ಕಷ್ಟ ಬಂದಾಗ ಗುಮ್ಮನ ಹತ್ತಿರ ಹೋಗಿ ಹೇಳುತ್ತದೆಯೇ? ನಮ್ಮ ಅಕ್ಕ ಹೇಳಲಿಲ್ಲ. ಅವ್ವ ನಮ್ಮನ್ನು ಅಪ್ಪನ ಹೆಸರಿನಲ್ಲೇ ಹೆದರಿಸಿ ಬೆಳೆಸಿದ್ದಳು. ಈ ಮಾತನ್ನು ಇವತ್ತಿನಿಂದ ಬಿಡೋಣ.

ಮೂರನೆಯದು, ಬಸಿರಿನಿಂದಲೇ ಶುರು ಮಾಡುವುದು. ತಾಯಿ ಕಾರ್ಡು ಹಿಡಿದು ಆಸ್ಪತ್ರೆಗೆ ಹೋಗುವಾಗ ಗಂಡನೂ ಬರಲಿ. ಹೊರಗೆ ಬೀಡಿ ಸೇದುತ್ತಾ ನಿಲ್ಲದೆ ಒಳಗೆ ಕೂತು ಕೇಳಲಿ. ರಕ್ತ ಎಷ್ಟಿದೆ, ಮಾತ್ರೆ ಯಾವಾಗ, ಮುಂದಿನ ಸಲ ಯಾವ ದಿನ ಎಂಬುದು ಅವನಿಗೂ ಗೊತ್ತಿರಲಿ. ಮಗುವಿನ ಚುಚ್ಚುಮದ್ದಿನ ದಿನಗಳು ಅವನ ನೆನಪಿನಲ್ಲಿ ಇರಲಿ. ಸಂಡೂರಿನ ತಾಂಡಾದ ಒಬ್ಬ ತಂಗಿ ಕಸೂತಿ ಹಾಕುತ್ತಾಳೆ. ಸಂಡೂರು ಲಂಬಾಣಿ ಕಸೂತಿಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿರುವುದು ನಿಮಗೆ ಗೊತ್ತೇ ಇದೆ. ಅವಳು ಹೇಳಿದಳು: ಮೊದಲು ಮಗು ಅತ್ತಾಗಲೆಲ್ಲ ಸೂಜಿ ಬಿಟ್ಟು ಏಳುತ್ತಿದ್ದೆ, ದಿನಕ್ಕೆ ಒಂದು ಗೇಣು ಕೆಲಸವೂ ಆಗುತ್ತಿರಲಿಲ್ಲ. ಒಂದು ದಿನ ಗಂಡನಿಗೆ, 'ಸಂಜೆ ಆರರಿಂದ ಎಂಟರವರೆಗೆ ಮಗು ನಿಂದು' ಎಂದೆ. ಮೊದಲ ವಾರ ಮಗು ಅತ್ತಿತು, ಅವನೂ ಬೈದ. ಮೂರನೆಯ ವಾರಕ್ಕೆ ಮಗು ಆರು ಗಂಟೆಗೆ ಬಾಗಿಲು ನೋಡತೊಡಗಿತು. ಅವನು ಸಾರಾಯಿ ಅಂಗಡಿ ಕಡೆ ಹೋಗುವುದು ತಾನಾಗಿ ಕಡಿಮೆಯಾಯಿತು, ಕಾಯುವವರು ಇದ್ದರಲ್ಲ!

ಇದರಲ್ಲಿ ಒಂದು ಪಾಠವಿದೆ. 'ಸ್ವಲ್ಪ ಮಕ್ಕಳನ್ನ ನೋಡ್ಕೊಳ್ರಿ' ಎಂದರೆ ಯಾರೂ ನೋಡುವುದಿಲ್ಲ. ಒಂದು ಹೊತ್ತು, ಒಂದು ಕೆಲಸ, ಅದು ಪೂರ್ತಿ ಅವನದು ಎಂದು ಗೊತ್ತು ಮಾಡಬೇಕು. ಬೆಳಿಗ್ಗೆ ಶಾಲೆಗೆ ಬಿಡುವುದೋ, ರಾತ್ರಿ ಪಾಠ ಓದಿಸುವುದೋ. 'ನನಗ ಓದಾಕ ಬರಂಗಿಲ್ಲ' ಎಂದರೆ, ಮಗು ಓದುತ್ತದೆ, ನೀವು ಕೇಳಿ ಎನ್ನಿ. ದೂರ ದುಡಿಯಲು ಹೋದವನಿಗೂ ಒಂದು ಕೆಲಸವಿದೆ. ದಿನಾ ಒಂದೇ ಹೊತ್ತಿಗೆ ಫೋನು ಮಾಡಿ, 'ಊಟ ಆಯ್ತಾ' ಎಂದು ಕೇಳಿ ಇಡದೆ, ಇವತ್ತು ಶಾಲೆಯಲ್ಲಿ ಏನಾಯಿತು ಎಂದು ಕೇಳುವುದು.

ನಾಲ್ಕನೆಯದು ಶಾಲೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅಲ್ಲಿಗೆ ಗಂಡಸರು ಬರುತ್ತಾರೆ, ಕಟ್ಟಡದ ಕಂಟ್ರಾಕ್ಟಿನ ಮಾತಾಡುತ್ತಾರೆ. ತನ್ನ ಮಗಳಿಗೆ ಗಣಿತ ಯಾಕೆ ಬರುತ್ತಿಲ್ಲ ಎಂದು ಕೇಳಲು ಬರುವುದು ತಾಯಿ. ಇದು ತಿರುಗಬೇಕು. ದೊಡ್ಡವಳಾದ ಮಗಳನ್ನು ಶಾಲೆ ಬಿಡಿಸುವ ಮಾತು ಬರುವುದು ಏಳು, ಎಂಟನೇ ಕ್ಲಾಸಿಗೆ. ಆಗ ಅಡ್ಡ ನಿಲ್ಲಬಲ್ಲವನು ಅವಳ ಅಂಕಪಟ್ಟಿ ಓದಿದ ಅಪ್ಪ.

ಐದನೆಯದು ಸರ್ಕಾರಕ್ಕೆ ಕೇಳಬೇಕಾದ ಮಾತು. ಕೇಂದ್ರ ಸರ್ಕಾರದ ನೌಕರನಿಗೆ ಹೆಂಡತಿ ಹೆತ್ತಾಗ 15 ದಿನದ ಪಿತೃತ್ವ ರಜೆ ಇದೆ. ಬಾಳೆ ತೋಟದ ಕೂಲಿಗೆ, ಹರಿಗೋಲು ಹಾಕುವವನಿಗೆ, ಆಟೋ ಓಡಿಸುವವನಿಗೆ ಯಾವ ರಜೆ? ಅಂಗನವಾಡಿಯಲ್ಲಿ ತಾಯಂದಿರ ಸಭೆ ನಡೆಯುತ್ತದೆ, ಅಪ್ಪಂದಿರನ್ನು ಕರೆಯುವವರಿಲ್ಲ. 2023ರಲ್ಲಿ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಶುರುವಾದಾಗಲೂ ಎಲ್ಲರ ಬಾಯಲ್ಲಿ ಬಂದದ್ದು 'ದುಡಿಯುವ ತಾಯಂದಿರಿಗೆ ಅನುಕೂಲ' ಎಂಬ ಮಾತು. ದುಡಿಯುವ ತಂದೆಗೆ ಕೂಸು ಇಲ್ಲವೇ? ಗ್ರಾಮಸಭೆಯಲ್ಲಿ ಎದ್ದು ಕೇಳಿ: ಅಂಗನವಾಡಿಯಲ್ಲಿ ಮೂರು ತಿಂಗಳಿಗೊಮ್ಮೆ, ಸಂಜೆ ಹೊತ್ತು, ಅಪ್ಪಂದಿರ ಸಭೆ ಆಗಲಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ದಯವಿಟ್ಟು ಗಮನ ಕೊಟ್ಟು ಕೇಳಿ. ನಾನು ಹೇಳಿದ ಈ ಯಾವ ಮಾತೂ ಹೊಡೆಯುವವನ ಜೊತೆ ಹೊಂದಿಕೊಂಡಿರಿ ಎಂದು ಹೇಳುವುದಿಲ್ಲ. 'ಮಕ್ಕಳಿಗೆ ಅಪ್ಪ ಬೇಕು' ಎಂಬ ಮಾತನ್ನೇ ಹಗ್ಗ ಮಾಡಿ ಎಷ್ಟು ಹೆಂಗಸರನ್ನು ಕಟ್ಟಿ ಹಾಕಿದ್ದಾರೆ! ಮಕ್ಕಳಿಗೆ ಬೇಕಾದದ್ದು ಹಿಂಸೆ ಇಲ್ಲದ ಅಪ್ಪ. ಮಗುವನ್ನು ಮುದ್ದು ಮಾಡುತ್ತಾನೆ ಎಂಬ ಕಾರಣಕ್ಕೆ ಅದರ ತಾಯಿಯನ್ನು ಹೊಡೆಯುವ ಹಕ್ಕು ಯಾರಿಗೂ ಬರುವುದಿಲ್ಲ. ತಾಯಿಯನ್ನು ಹೊಡೆಯುವವನು ಮಗುವಿನ ಮನಸ್ಸನ್ನೂ ಹೊಡೆಯುತ್ತಿದ್ದಾನೆ.

ಹಾಗಾದಾಗ ಕಾನೂನಿನ ದಾರಿ ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ರಕ್ಷಣಾಧಿಕಾರಿ. ಅವರ ಬಳಿ ದೂರು ಕೊಟ್ಟರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹೋಗುತ್ತದೆ. ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ವಾಸದ ಹಕ್ಕು, ಮಕ್ಕಳ ಖರ್ಚು ಎಲ್ಲವನ್ನೂ ಕೇಳಬಹುದು. ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಿಸಬಹುದು. ಅಪ್ಪ ಯಾವಾಗ, ಹೇಗೆ ಬಂದು ನೋಡಬೇಕೆಂದು ನ್ಯಾಯಾಲಯ ಗೊತ್ತು ಮಾಡುತ್ತದೆ. ಅವನ ಭೇಟಿಯಿಂದ ಮಗುವಿಗೆ ಕೇಡು ಎನ್ನಿಸಿದರೆ ಭೇಟಿಯನ್ನೇ ನಿರಾಕರಿಸುತ್ತದೆ. ಹಳೆಯ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯಬೇಡಿ, ವರಮಾನ ಎಷ್ಟೇ ಇದ್ದರೂ ಹೆಂಗಸರಿಗೆ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಸಂಘದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಬೇರೆಯಾದ ಗಂಡ ಹೆಂಡಿರ ಬಗ್ಗೆಯೂ ಒಂದು ಮಾತು. ಹಿಂಸೆ ಇಲ್ಲದೆ, ಹೊಂದಿಕೆ ಆಗದೆ ದೂರವಾದ ಮನೆಗಳಿವೆ. ಅಲ್ಲಿ ಮಗುವನ್ನು ಹಗೆಯ ಕತ್ತಿ ಮಾಡಬಾರದು. ಅಪ್ಪ ಬಂದು ನೋಡಲಿ, ಶಾಲೆಯ ಖರ್ಚು ಕೊಡಲಿ. ಕೊಡದಿದ್ದರೆ ಕಾನೂನು ಕೊಡಿಸುತ್ತದೆ. ಮದುವೆಯಲ್ಲಿ ಹುಟ್ಟಿದ ಮಗುವಿರಲಿ, ಮದುವೆಯಿಲ್ಲದೆ ಹುಟ್ಟಿದ ಮಗುವಿರಲಿ, ಜೀವನಾಂಶ ಕೊಡುವುದು ಹುಟ್ಟಿಸಿದವನ ಹೊಣೆ.

ಈ ಮಾತು ಹೇಳುವಾಗ ನಮ್ಮ ಸಭೆಯಲ್ಲಿ ತಲೆ ತಗ್ಗಿಸಿ ಕೂತ ಕೆಲವು ಅಕ್ಕಂದಿರು ಕಾಣುತ್ತಿದ್ದಾರೆ. ತಲೆ ಎತ್ತಿ. ತಗ್ಗಿಸಬೇಕಾದವರು ನೀವಲ್ಲ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿ ಹೆಣ್ಣುಮಕ್ಕಳನ್ನು ಬಿಟ್ಟ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಆಮೇಲೂ ಸರ್ಕಾರದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ದೇವದಾಸಿ ಮಹಿಳೆಯರನ್ನು ಗುರುತಿಸಿದರು. ಅವರಲ್ಲಿ ನಮ್ಮ ಸೀಮೆಯವರೂ ಬಹಳ ಮಂದಿ. ಅವರ ಮಕ್ಕಳಿಗೆ ಅಪ್ಪ ಇದ್ದ, ಊರಿಗೆಲ್ಲ ಅವನು ಯಾರೆಂದು ಗೊತ್ತಿತ್ತು. ಶಾಲೆಯ ಅರ್ಜಿಯಲ್ಲಿ ಮಾತ್ರ 'ತಂದೆಯ ಹೆಸರು' ಎಂಬ ಜಾಗ ಖಾಲಿ ಉಳಿಯುತ್ತಿತ್ತು. ಆ ಖಾಲಿ ಜಾಗ ತೋರಿಸಿ ಎಷ್ಟು ಮಕ್ಕಳನ್ನು ಹಂಗಿಸಲಿಲ್ಲ! 2025ರಲ್ಲಿ ನಮ್ಮ ವಿಧಾನಮಂಡಲ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ದಾಖಲೆಗಳಲ್ಲಿ ತಂದೆಯ ಹೆಸರು ಹೇಳಲೇಬೇಕು ಎಂದು ಈ ಮಕ್ಕಳನ್ನು ಒತ್ತಾಯಿಸುವಂತಿಲ್ಲ. ಬೇಕೆಂದರೆ ತಂದೆ ಯಾರೆಂದು ಗುರುತಿಸಿಕೊಳ್ಳುವ ಹಕ್ಕೂ ಅವರಿಗಿದೆ. ಎರಡೂ ಬೇಕಾದ ಮಾತೇ. ಅಪ್ಪನ ಹೆಸರಿಲ್ಲದೆ ಮಗು ಮಾನದಿಂದ ಬದುಕಬೇಕು. ಹುಟ್ಟಿಸಿದವನು ಹೆಸರು ಮರೆಸಿ ತಪ್ಪಿಸಿಕೊಳ್ಳಬಾರದು. ಅಂಥ ಮಕ್ಕಳಿಗೆ ಅಜ್ಜನೋ, ಸೋದರಮಾವನೋ, ಒಬ್ಬ ಒಳ್ಳೆಯ ಮೇಷ್ಟ್ರೋ ಕೈ ಹಿಡಿದು ನಡೆಸಬಹುದು. ಪ್ರೀತಿಸುವ ಒಬ್ಬ ಗಂಡಸನ್ನು ಹತ್ತಿರದಿಂದ ನೋಡಿ ಬೆಳೆಯುವುದು ಎಲ್ಲ ಮಕ್ಕಳಿಗೂ ಸಿಗಬೇಕು.

ಮೊದಲು ಸಿಟ್ಟಿನಿಂದ ಕೇಳಿದ ತಂಗಿ ಇನ್ನೂ ನನ್ನನ್ನೇ ನೋಡುತ್ತಿದ್ದಾಳೆ. "ಇದೂ ನಮ್ಮ ತಲಿ ಮ್ಯಾಲೇನು? ಮಕ್ಕಳನ್ನೂ ಸಾಕಬೇಕು, ಗಂಡನಿಗೂ ಅಪ್ಪನಾಗೋದು ಕಲಿಸಬೇಕೇನು?" ಎಂದು ಅವಳ ಕಣ್ಣು ಕೇಳುತ್ತಿದೆ. ಇಲ್ಲ ತಂಗಿ. ಅದು ಅವನದೇ ಹೊಣೆ. ಅವನು ಮಾಡದಿದ್ದರೆ ತಪ್ಪು ನಿನ್ನದಲ್ಲ. ಆದರೆ ಅವನು ಒಂದು ಹೆಜ್ಜೆ ಇಟ್ಟರೆ ದಾರಿಗೆ ಅಡ್ಡ ನಿಲ್ಲುವ ನಗು, ಮೂದಲಿಕೆ, ನಾಚಿಕೆ ಇವುಗಳನ್ನು ತೆಗೆಯುವುದು ಸಂಘದಿಂದ ಆಗುತ್ತದೆ. ಒಬ್ಬಳಿಂದ ಆಗದ್ದು ಹದಿನೈದು ಜನರಿಂದ ಆಗುತ್ತದೆ ಎಂದುಕೊಂಡೇ ಅಲ್ಲವೇ ನಾವು ಸಂಘ ಕಟ್ಟಿದ್ದು?

ನಮ್ಮ ಮನೆಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಅಕ್ಕ ಹೋದಾಗ ಅವಳ ಮಗಳಿಗೆ ಎರಡು ವರ್ಷ. ಗಂಡನ ಮನೆಯವರು ಹೆಣ್ಣು ಕೂಸನ್ನು ಕೇಳಲೂ ಇಲ್ಲ. ಕೇಸು ನಡೆಯಿತು, ಸಾಕ್ಷಿ ಸಾಲಲಿಲ್ಲ, ಅವರು ಬಿಡುಗಡೆಯಾದರು. ಕೂಸು ಈ ಬಜಾರಿಗೆ ಬಂತು. ಅವ್ವ ಆ ದುಃಖದಲ್ಲಿ ಹಾಸಿಗೆ ಹಿಡಿದಿದ್ದಳು. ಆಗ ಐವತ್ತು ದಾಟಿದ ಅಪ್ಪ, ಅಂಗಡಿಯ ಮುಂದೆ ಆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೂವಿನಂಗಡಿಯ ಹೆಂಗಸನ್ನು ಕೇಳಿ ಕೇಳಿ ಜಡೆ ಹಾಕುವುದು ಕಲಿತ. ಬೀದಿ ನಕ್ಕಿತು. ಅವನು ತಲೆ ಎತ್ತಲಿಲ್ಲ. ಅವಳು ಓದಿದ ಒಂದೊಂದು ಕ್ಲಾಸೂ ಅವನಿಗೆ ಗೊತ್ತಿತ್ತು. ಅವಳ ಟೀಚರುಗಳ ಹೆಸರು ಗೊತ್ತಿತ್ತು. ಯಾವ ಪಾಠ ಕಷ್ಟ, ಯಾವ ಪಲ್ಯ ಇಷ್ಟವಿಲ್ಲ, ಯಾರ ಜೊತೆ ಜಗಳ, ಎಲ್ಲ ಗೊತ್ತಿತ್ತು.

2011ರ ಜುಲೈ ಕೊನೆಗೆ ಈ ಬೀದಿಗೆ ಬುಲ್ಡೋಜರ್ ಬಂತು. ಸ್ಮಾರಕ ಉಳಿಸಬೇಕು ಎಂದು ಮನೆ ಅಂಗಡಿಗಳನ್ನು ಕೆಡವಿದರು. ಆಮೇಲೆ ನಮಗೆಲ್ಲ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಎಪ್ಪತ್ತು ದಾಟಿದ ಅಪ್ಪ ಕಲ್ಲು ಮಣ್ಣಿನ ರಾಶಿಯ ಮುಂದೆ ಕೂತು ಅತ್ತದ್ದು ಅಂಗಡಿಗಾಗಿ ಅಲ್ಲ. "ಹುಡುಗಿ ಮದುವಿ ಆಗಿ ಹೋದ ಮ್ಯಾಲೆ ತಿರುಗಿ ಬರಬೇಕಂದ್ರ ಯಾವ ಮನಿಗೆ ಬರಬೇಕು?" ಎಂದ. ಇಪ್ಪತ್ತು ವರ್ಷದ ಹಿಂದೆ ಮಗಳನ್ನು ನದಿ ದಾಟಿಸಿ ಬಿಟ್ಟು ಬಂದ ಅದೇ ಅಪ್ಪ.

ಮರುವರ್ಷ ಅವಳ ಮದುವೆಯಾಯಿತು. ರೊಕ್ಕ ಕೇಳಿದ ಎರಡು ಸಂಬಂಧಗಳನ್ನು ಅವನೇ ಬಾಗಿಲಿನಿಂದ ಕಳಿಸಿದ. "ನಮ್ಮ ಪಂಪಾಂಬೆ ಮದುವಿಗೆ ವರ್ಷ ವರ್ಷ ಫಲಪೂಜೆ ಮಾಡ್ತೀವಿ, ವಿರೂಪಾಕ್ಷಪ್ಪ ಏನಾರ ಸೈಕಲ್ ಕೇಳ್ಯಾನೇನು?" ಎಂದು ಬೀಗರನ್ನು ಕೇಳಿದ್ದು ಊರಲ್ಲೆಲ್ಲ ಮಾತಾಯಿತು. ಕಳಿಸುವ ದಿನ ಮೊಮ್ಮಗಳ ಕೈಯಲ್ಲಿ ಹೊಸ ಗುಡಿಸಲಿನ ಬೀಗದ ಕೈ ಒಂದು ಕೊಟ್ಟು, "ಯಾವ ಹೊತ್ತಾದ್ರೂ ಬಾ. ನನ್ನ ಎಬ್ಬಿಸೋದೂ ಬ್ಯಾಡ" ಎಂದ. ಅವಳು ಆ ಬೀಗದ ಕೈ ಬಳಸುವ ಪ್ರಸಂಗ ಬರಲಿಲ್ಲ. ಅಪ್ಪ ಈಗ ಇಲ್ಲ. ಕೀಲಿ ಇವತ್ತಿಗೂ ಅವಳ ತಾಳಿಯ ಜೊತೆಗೇ ಇದೆ.

ಈ ಬುದ್ಧಿ ಅವನಿಗೆ ಮೊದಲ ಮಗಳಿಗೇ ಬಂದಿದ್ದರೆ ನನ್ನ ಅಕ್ಕ ಇವತ್ತು ಈ ಸಭೆಯಲ್ಲಿ ನಿಮ್ಮ ಪಕ್ಕ ಕೂತಿರುತ್ತಿದ್ದಳು. ಕಲಿಯಲು ಒಂದು ಸಾವು ಬೇಕಾಯಿತು. ನಮ್ಮ ನಿಮ್ಮ ಮನೆಗಳಲ್ಲಿ ಹಾಗಾಗುವುದು ಬೇಡ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮಕ್ಕಳ ಅಪ್ಪನಿಗೆ ಮೂರು ಪ್ರಶ್ನೆ ಕೇಳಿ. ಮಗಳು ಎಷ್ಟನೇ ಕ್ಲಾಸು? ಅವಳ ಗೆಳತಿ ಯಾರು? ಅವಳಿಗೆ ಯಾವುದರ ಭಯ? ಅವನಿಗೆ ಗೊತ್ತಿಲ್ಲದಿದ್ದರೆ ಬೈಯಬೇಡಿ, ನೀವೂ ಉತ್ತರ ಹೇಳಬೇಡಿ. 'ಮಗಳನ್ನೇ ಕೇಳ್ರಿ' ಎಂದು ಒಳಗೆ ಹೋಗಿಬಿಡಿ. ಮುಂದಿನ ತಿಂಗಳ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುವ ಮೊದಲು ಈ ಲೆಕ್ಕ ಕೇಳುತ್ತೇನೆ.